ಕೆಂಡಕ್ಕೆ ಹೇಳಿದ ಉತ್ತರ

ಬೇಸಿಗೆ ಹುಟ್ಟಿದ ಮೇಲೆ ನಮ್ಮೂರಿನಲ್ಲಿ ಸೂರಿನ ಕೆಳಗೆ ಬೆಂಕಿ ನಿಲ್ಲುವುದಿಲ್ಲ. ಕಡ್ಡಿ ಗೀರಿದರೆ ಹೊತ್ತಿಕೊಳ್ಳುತ್ತದೆ, ಬತ್ತಿಯ ಹತ್ತಿರ ಒಯ್ಯುವಷ್ಟರಲ್ಲಿ ಯಾರೋ ಊದಿದ ಹಾಗೆ ಆರಿಹೋಗುತ್ತದೆ. ಮೊದಲ ಮಳೆ ಬೀಳುವ ತನಕ ಹೀಗೇ. ಅದಕ್ಕೇ ಹೊಂಗೆ ಚಿಗುರುವ ಹೊತ್ತಿಗೆ ಎಲ್ಲರೂ ಒಲೆಯನ್ನು ಅಂಗಳಕ್ಕೆ ತರುತ್ತಾರೆ. ಮೊಣಕಾಲೆತ್ತರಕ್ಕೆ ಇಟ್ಟಿಗೆ ಜೋಡಿಸಿ, ಒಳಗೆ ಇದ್ದಿಲು ಸುರಿದು, ಮೇಲೆ ಕಬ್ಬಿಣದ ಜಾಲರಿ ಹಾಸಿದರೆ ಬೇಸಿಗೆಯ ಅಡಿಗೆಮನೆ ಆಯಿತು. ದೀಪಕ್ಕಾಗಿ ದೇವರ ಪಟಗಳೂ ಹೊರಗೆ ಬಂದು ಗೋಡೆಗೆ ಒರಗಿ ನಿಲ್ಲುತ್ತವೆ. ಗುಡಿಯ ಮೂರ್ತಿಯನ್ನು ಮಾತ್ರ ಹೊರಗೆ ತರುವಂತಿಲ್ಲ. ಪೂಜಾರಿ ಬಯಲಿನಲ್ಲಿ ನಿಂತು ಆರತಿ ಹೊತ್ತಿಸಿ, ಇನ್ನೊಂದು ಕೈಯಲ್ಲಿ ಕನ್ನಡಿ ಹಿಡಿದು, ಆ ಬೆಳಕನ್ನು ಗರ್ಭಗುಡಿಯೊಳಕ್ಕೆ ಬಿಡುತ್ತಾರೆ. ದೇವರ ಮುಖದ ಮೇಲೆ ಬೆಳಕು ನಡುಗುತ್ತದೆ. ಬೇರೆ ಊರುಗಳಲ್ಲಿ ದೇವರ ಮುಖ ನಡುಗುವುದಿಲ್ಲವಂತೆ. ಚಿಕ್ಕವಳಿದ್ದಾಗ ಅದನ್ನು ಕೇಳಿ ಆ ಊರಿನವರ ಬಗ್ಗೆ ನನಗೆ ಅಯ್ಯೋ ಪಾಪ ಅನ್ನಿಸಿತ್ತು.

ಸಂಜೆಯಾದರೆ ಊರೆಲ್ಲ ಒಂದೇ ವಾಸನೆ. ಮುಸುಕು ಸುಲಿಯದೆ ಇಟ್ಟ ಜೋಳದ ತೆನೆ, ಬೂದಿಯೊಳಗೆ ಹೂತ ಗೆಣಸು, ಸೀಳಿ ಉಪ್ಪು ಖಾರ ತುಂಬಿದ ಬದನೆಕಾಯಿ, ಸಿಪ್ಪೆ ಸಿಡಿಯುವ ತನಕ ಸುಟ್ಟ ಮಾವಿನಕಾಯಿ, ಹಲಸಿನ ಬೀಜ. ಗಿಡದಿಂದ ಆಗಷ್ಟೇ ಕಿತ್ತದ್ದನ್ನು ಜಾಲರಿಯ ಮೇಲಿಟ್ಟು, ಸುಟ್ಟ ಕೈಯನ್ನು ಕಿವಿಗೆ ಮುಟ್ಟಿಸಿಕೊಳ್ಳುತ್ತಾ ತಿನ್ನುವುದರಲ್ಲಿ ಒಂದು ಸುಖವಿದೆ. ಮಳೆಗಾಲದ ಸಾರು ಹುಳಿಗೆ ಅದು ಬರುವುದಿಲ್ಲ.

ಆದರೆ ಹಸಿ ತರಕಾರಿಯ ರಸ ಕೆಂಡದ ಮೇಲೆ ಬಿದ್ದಾಗ ಸುಂಯ್ ಎನ್ನುತ್ತದಲ್ಲ, ಆ ವರ್ಷ ಸಾವು ಕಂಡ ಮನೆಯಲ್ಲಿ ಅದು ಬರೀ ಸುಂಯ್ ಆಗಿರುವುದಿಲ್ಲ. ಸತ್ತವರ ದನಿ ಅದರಲ್ಲಿ ಬರುತ್ತದೆ. ಬಂದು ಒಂದು ಪ್ರಶ್ನೆ ಕೇಳುತ್ತದೆ. ಮನೆಯವರು ನಿಜ ಹೇಳಿದರೆ ಅಲ್ಲಿಗೆ ಮುಗಿಯಿತು, ಆಮೇಲೆ ಕೆಂಡ ಬರೀ ಕೆಂಡ. ಸುಳ್ಳು ಹೇಳಿದರೆ ಮತ್ತೆ ಅದೇ ಪ್ರಶ್ನೆ. ಸುಮ್ಮನಿದ್ದರೂ ಅದೇ. ಮೊದಲ ಮಳೆಯೊಳಗೆ ಉತ್ತರ ಕೊಡದಿದ್ದರೆ ಬೆಂಕಿಯ ಜೊತೆಗೆ ಆ ಪ್ರಶ್ನೆಯೂ ಮನೆಯೊಳಕ್ಕೆ ಬಂದುಬಿಡುತ್ತದೆ. ತೆಂಕಲ ಬೀದಿಯಲ್ಲಿ ಅಂಥ ಒಂದು ಮನೆಯಿದೆ. ದೀಪ ಹಚ್ಚಿದಾಗಲೆಲ್ಲ ಕೇಳುತ್ತಿತ್ತಂತೆ. ಮನೆಯವರು ಬೀಗ ಹಾಕಿಕೊಂಡು ಹೋದರು. ಈಗಲೂ ಆ ಬಾಗಿಲ ಮುಂದೆ ಹಾಯುವಾಗ ಜನ ಮಾತು ನಿಲ್ಲಿಸಿ ನಡೆಯುತ್ತಾರೆ.

ನಮ್ಮ ಪಕ್ಕದ ಮನೆ ಸಾಕಮ್ಮನ ಅತ್ತೆ ಒಂದು ಮಳೆಗಾಲದಲ್ಲಿ ತೀರಿಕೊಂಡಿದ್ದರು. ಬೇಸಿಗೆ ಬಂತು. ಸಾಕಮ್ಮ ಜಾಲರಿಯ ಮೇಲೆ ಸೌತೆಕಾಯಿ ಹೋಳು ಇಟ್ಟಳೋ ಇಲ್ಲವೋ, ಆ ಮುದುಕಿಯ ಕೀರಲು ದನಿ ಗೋಡೆಯಾಚೆಯಿಂದ ನನಗೂ ಕೇಳಿಸಿತು.

"ನನ್ ಕೋಳಿ ಯಾರ್ಲಾ ಕುಯ್ದೋರು?"

ಅತ್ತೆ ಹಾಸಿಗೆ ಹಿಡಿದಿದ್ದಾಗ ಅವರ ಮುದ್ದಿನ ಕೋಳಿಯನ್ನು ಮಗ ಮರಿಗೌಡ ಕೊಯ್ದು ಸುಟ್ಟು ತಿಂದಿದ್ದ. ಬೀದಿಗೆಲ್ಲ ಗೊತ್ತಿದ್ದ ಸಂಗತಿ. "ನರಿ ಕಚ್ಕಂಡೋಯ್ತು ಕಣತ್ತೆ" ಎಂದಳು ಸಾಕಮ್ಮ. ಮಾರನೆಯ ದಿನ ಟೊಮೇಟೊ ಇಟ್ಟಾಗ ಮತ್ತೆ, "ನನ್ ಕೋಳಿ ಯಾರ್ಲಾ ಕುಯ್ದೋರು?" ಆಮೇಲೆ ಅವರು ಹಸಿಯದನ್ನು ಬಿಟ್ಟು ಬರೀ ಒಣ ರೊಟ್ಟಿ, ಹಪ್ಪಳ ಸುಟ್ಟುಕೊಂಡು ತಿಂದರು. ಒಣ ತಿಂಡಿಯಿಂದ ರಸ ಬೀಳುವುದಿಲ್ಲ, ಮಾತೂ ಬರುವುದಿಲ್ಲ. ಕೊನೆಗೆ ಮರಿಗೌಡನೇ ಒಂದು ಸಂಜೆ ತಾಳಲಾರದೆ ಒಂದು ಬುಟ್ಟಿ ಬದನೆಕಾಯಿ ತಂದು ಜಾಲರಿಗೆ ಸುರಿದು, ಪ್ರಶ್ನೆ ಬರುವ ಮುಂಚೆಯೇ, "ನಾನೇ ಕಣವ್ವಾ! ನಾನೇ ಕುಯ್ದಿದ್ದು! ರುಚಿಯಾಗೂ ಇತ್ತು!" ಎಂದು ಬೀದಿಗೆ ಕೇಳುವ ಹಾಗೆ ಕೂಗಿದ. ಬದನೆಕಾಯಿಗಳೆಲ್ಲ ಸುಂಯ್ ಎಂದವು. ಬೇರೇನೂ ಇಲ್ಲ. ಅವನು ಅಲ್ಲೇ ಕೂತು ಅತ್ತ. ಅತ್ತುಕೊಂಡೇ ತಿಂದ.

ಇದನ್ನೆಲ್ಲ ನಾನು ಗೋಡೆಯ ಈಚೆಯಿಂದ ಕೇಳಿದವಳು. ಕೇಳುವುದು ನನಗೆ ಚಿಕ್ಕಂದಿನಿಂದ ಬಂದ ಕೆಲಸ. ನಮ್ಮ ತಾತ ಕಾವ್ಯ ಓದುತ್ತಿದ್ದರು. ಸಂಜೆ ಜಗುಲಿಯ ಮೇಲೆ ಕೂತು ರಾಗವಾಗಿ ಒಂದೊಂದೇ ಪದ್ಯ ಓದಿ, ತಡೆದು, ಅರ್ಥ ಹೇಳಿ ಮುಂದಕ್ಕೆ ಹೋಗುವರು. ಪ್ರತಿ ಪದ್ಯ ನಿಂತಾಗ ಎದುರಿಗೆ ಒಬ್ಬರು "ಹೂಂ" ಅನ್ನಬೇಕು. ಹೂಂಗುಟ್ಟುವವರಿಲ್ಲದೆ ಓದಬಾರದು ಎಂದು ತಾತನ ಕಟ್ಟಳೆ. ಆ ಕೆಲಸ ನನ್ನದು. ಒಮ್ಮೆ ಹೂಂ ಅಂದರೆ ಕಥೆ ಒಂದು ನೆಲೆ ಮುಟ್ಟುವ ತನಕ ಏಳುವಂತಿಲ್ಲ, ಆಕಳಿಸುವಂತಿಲ್ಲ. "ತಾಯೀ, ಓದೋನಿಗೆ ಬಾಯಿ ನೋಯುತ್ತೆ, ಕೇಳೋರಿಗೆ ಬೆನ್ನು ನೋಯುತ್ತೆ, ಪುಣ್ಯ ಮಾತ್ರ ಸಮ" ಎನ್ನುತ್ತಿದ್ದರು. ನನ್ನ ಹೆಸರು ತಾಯಮ್ಮ.

ನಮ್ಮ ಯಜಮಾನರು ಚೆಲುವಯ್ಯ ಇದ್ದಿಲಿನ ಕೆಲಸದವರು. ಬೇಸಿಗೆಗೆ ಮುಂಚೆ ಗಾಡಿ ಕಟ್ಟಿಕೊಂಡು ಚೌಳು ಬಯಲು ದಾಟಿ, ಅಡವಿಯ ಅಂಚಿನಲ್ಲಿ ಸೌದೆ ಗುಡ್ಡೆ ಹಾಕಿ, ಮಣ್ಣು ಮುಚ್ಚಿ, ಒಳಗೊಳಗೇ ಸುಟ್ಟು, ಇದ್ದಿಲು ಮಾಡಿ ತರುವರು. ಅರ್ಧ ಊರಿನ ಜಾಲರಿಯ ಕೆಳಗೆ ಅವರ ಇದ್ದಿಲೇ. ಮಾತು ಕಡಿಮೆಯ ಮನುಷ್ಯ. ಊಟಕ್ಕೆ ಕೂತರೆ "ಉಪ್ಪು", "ಸಾಕು" ಎರಡೇ ಮಾತು. ಮಕ್ಕಳಾಗಲಿಲ್ಲ, ಅದರ ಬಗ್ಗೆಯೂ ಒಂದು ಮಾತು ಆಡಿದವರಲ್ಲ. ಸಂಜೆ ನುಗ್ಗೆಮರದ ಕೆಳಗಿನ ಕಲ್ಲುಚಪ್ಪಡಿಯ ಮೇಲೆ ಒಬ್ಬರೇ ಕೂರುವರು. ಅದು ಅವರ ಜಾಗ. ನಾನು ಬಡಿಸುತ್ತಾ ನಿಂತಿರುವೆ, ಅವರು ಎದ್ದ ಮೇಲೆ ಒಲೆಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ನನ್ನ ಊಟ.

ಕೋಳಿಯ ಸಂಗತಿ ನಡೆದ ಮರುವರ್ಷ ಅವರು ಬರುವುದು ತುಸು ತಡವಾಯಿತು. ಬಂದರು. ಗಾಡಿ ತುಂಬ ಇದ್ದಿಲು, ಹೆಗಲ ಮೇಲೆ ಅದೇ ಕೆಂಪು ಅಂಚಿನ ಟವಲು. ಎತ್ತು ಬಿಚ್ಚಿ, ಕೈಕಾಲು ತೊಳೆದು, ಚಪ್ಪಡಿಯ ಮೇಲೆ ಕೂತರು. "ಎಲ್ಲಾ ಚೆನ್ನಾಗಿದ್ಯಾ?" ಎಂದು ಕೇಳಿದರು. ನಾನು ಬೆರಗಾದೆ. ಮದುವೆಯಾದಾಗಿನಿಂದ ಹಾಗೆ ಕೇಳಿದವರಲ್ಲ. ದಾರಿಯ ಆಯಾಸ ಮನುಷ್ಯನನ್ನು ಮೆತ್ತಗೆ ಮಾಡುತ್ತದೆ ಎಂದುಕೊಂಡೆ.

ಆ ಸಂಜೆಯೇ ಹೊಸ ಇದ್ದಿಲಿಗೆ ಬೆಂಕಿ ಹಾಕಿದೆ. ಹಿತ್ತಲಿನ ಗಿಡದಲ್ಲಿ ಬದನೆಕಾಯಿ ಎಳೆಯದಾಗಿ ಬಿಟ್ಟಿತ್ತು. ಸೀಳಿ, ಉಪ್ಪು ಹುಣಿಸೆ ಸವರಿ, ಸಾಲಾಗಿ ಇಟ್ಟೆ. ನೇರಳೆ ಸಿಪ್ಪೆ ಸುಕ್ಕುಗಟ್ಟಿ, ಒಡೆದು, ಮೊದಲ ಹನಿ ಕೆಂಡಕ್ಕೆ ಬಿತ್ತು.

"ನನ್ನ ಜಾಗ್ದಾಗೆ ಕೂತಿರೋನು ಯಾರು?"

ನಮ್ಮ ಯಜಮಾನರ ದನಿ. ಒಂದು ಎಳೆ ತಪ್ಪಿಲ್ಲ. ಗಂಟಲ ತಳದಿಂದ ಬರುವ ಆ ಒರಟು, ಕೊನೆಯಲ್ಲಿ ಇಳಿಯುವ ಆ ರೀತಿ. ದನಿ ಒಲೆಯಿಂದ ಬಂತು. ಅವರು ಚಪ್ಪಡಿಯ ಮೇಲೆ ಕೂತು ರೊಟ್ಟಿ ಮುರಿಯುತ್ತಿದ್ದರು.

ಇಂಥಲ್ಲಿ ಬೇರೆ ಯಾರಾದರೂ ಕಿರುಚುತ್ತಿದ್ದರು, ಇಲ್ಲವೇ ಓಡುತ್ತಿದ್ದರು. ನಾನು ಬೆಳೆದ ಬಗೆ ಬೇರೆ. ಒಂದು ದನಿ ಮಾತು ನಿಲ್ಲಿಸಿತು, ನನ್ನ ಬಾಯಿ ತಾನಾಗಿ ತೆರೆಯಿತು.

"ಹೂಂ" ಎಂದೆ.

ಕೆಂಡಕ್ಕೆ ಉತ್ತರ ಹೇಳಿದವರುಂಟು, ಬೈದವರುಂಟು, ನೀರು ಸುರಿದವರೂ ಉಂಟು. ಹೂಂ ಅಂದವರಿಲ್ಲ. ಗೋಡೆಯಾಚೆ ಸಾಕಮ್ಮನ ಬೀಸಣಿಗೆಯ ಸದ್ದು ನಿಂತಿತು. ನಾನು ಚಪ್ಪಡಿಯ ಕಡೆ ತಿರುಗಿದೆ.

"ಅದು ಒಸಿ ಇನ್ನೂ ಬೇಯ್ಲಿ" ಎಂದರು ಕೂತಿದ್ದವರು, ಬದನೆಕಾಯಿಯನ್ನು ನೋಡುತ್ತಾ.

ಇಲ್ಲಿಂದ ಮುಂದೆ ಕೂತಿದ್ದವರನ್ನು ಇವರು ಎನ್ನುತ್ತೇನೆ, ಕೆಂಡದಲ್ಲಿದ್ದವರನ್ನು ಅವರು ಎನ್ನುತ್ತೇನೆ. ಬೇರೆ ದಾರಿ ನನಗೆ ತಿಳಿಯದು.

ಮಾರನೆಯ ಬೆಳಿಗ್ಗೆ ಇವರು ಎತ್ತುಗಳನ್ನು ನೀರಿಗೆ ಹೊಡೆದುಕೊಂಡು ಹೋಗುವುದನ್ನೇ ಕಾಯುತ್ತಿದ್ದ ಸಾಕಮ್ಮ ಗೋಡೆಯ ಮೇಲೆ ಗಲ್ಲ ಊರಿದಳು.

"ತಾಯಕ್ಕ, ನಿಮ್ಮನೇಲಿ ಯಾರೂ ಸತ್ತಿಲ್ವಲ್ಲ?"

"ಇಲ್ಲ ಕಣೇ."

"ಮತ್ತೆ ನಿನ್ನೆ ನಾನು ಕೇಳುಸ್ಕಂಡಿದ್ದು?"

"ನಾನೂ ಅದನ್ನೇ ಕೇಳಿಸ್ಕೊಂಡಿದ್ದು."

ಅವಳು ಖಾಲಿ ಚಪ್ಪಡಿಯನ್ನು ಒಮ್ಮೆ ಇಣುಕಿ ನೋಡಿದಳು. "ಊಟ ಮಾಡ್ತಾರಾ?" ಎಂದಳು ಆಮೇಲೆ.

"ಮಾಡ್ತಾರೆ."

"ನೆರಳು ಬೀಳ್ತದಾ?"

"ಬೀಳುತ್ತೆ ಕಣೇ, ನೋಡ್ದೆ."

"ಹಂಗಾದ್ರೆ ಒಣ ರೊಟ್ಟಿ ಸುಡು. ಹಪ್ಪಳ ಸುಡು. ಹಸೀದು ಮುಟ್ಟಬ್ಯಾಡ. ಮಳೆ ಬರಾ ಗಂಟ ಹೆಂಗೋ ಕಳುದ್ರೆ..." ಎಂದವಳು, ಮಳೆ ಬಂದ ಮೇಲೆ ಏನಾಗುವುದೆಂಬುದು ನೆನಪಾಗಿ ಬಾಯಿ ಮುಚ್ಚಿಕೊಂಡಳು. ಇಬ್ಬರಿಗೂ ತೆಂಕಲ ಬೀದಿಯ ಆ ಬಾಗಿಲು ಕಣ್ಣ ಮುಂದೆ ಬಂದಿತ್ತು.

ಅವಳು ಹೇಳಿದಂತೆ ಒಣ ರೊಟ್ಟಿ ಸುಟ್ಟೆ. ಇವರು ತಿಂದರು, ದೂರಲಿಲ್ಲ. ಆದರೆ ನನ್ನ ಬೆನ್ನು ನೆಟ್ಟಗೆ ನಿಲ್ಲಲಿಲ್ಲ. ಹೂಂ ಅಂದಿದ್ದೇನೆ. ಅಂದ ಮೇಲೆ ಕೇಳಬೇಕು. ಓದುವವನನ್ನು ನಡುವೆ ಬಿಟ್ಟು ಎದ್ದ ಹಾಗೆ ಅನ್ನಿಸಿ ಮಾರನೆಯ ಸಂಜೆ ಹಿತ್ತಲಿಗೆ ಹೋಗಿ ಟೊಮೇಟೊ ಕಿತ್ತು ತಂದೆ. ಹಣ್ಣಾಗಿ ಬಿರಿಯುವಂಥವನ್ನೇ ಆರಿಸಿದೆ.

ಅವರು ಪ್ರಶ್ನೆ ಕೇಳಿದರು. ನಾನು ಹೂಂ ಅಂದೆ. ಮತ್ತೊಂದು ಹನಿ ಬಿತ್ತು, ಮುಂದಿನ ಪದ್ಯಕ್ಕೆ ಹೋಗುವ ತಾತನ ಹಾಗೆ ಅವರು ಮುಂದುವರಿದರು.

"ಚೌಳು ಬಯಲು ದಾಟೋವಾಗ ಈ ಸಲ ಬಿಸ್ಲು ಜಾಸ್ತಿ ಇತ್ತು. ಎಡದ ಎತ್ತು ಕುಂಟ್ತಿತ್ತು."

"ಹೂಂ."

"ನೀನು ಕಟ್ಟಿಕೊಟ್ಟ ಬುತ್ತೀನ ಬೇವಿನ ಮರದ ಕೆಳಗೆ ತಿಂದೆ. ಚಟ್ನೀಗೆ ಬೆಳ್ಳುಳ್ಳಿ ಹಾಕಿದ್ದೆ ನೀನು. ಚೆನ್ನಾಗಿತ್ತು."

ನನಗೆ ಹೂಂ ಅನ್ನಲಾಗಲಿಲ್ಲ. ಅಷ್ಟು ವರ್ಷ ಕಟ್ಟಿಕೊಟ್ಟ ಬುತ್ತಿಗೆ ಚೆನ್ನಾಗಿತ್ತು ಅಂದದ್ದು ಅದೊಂದೇ ಸಲ, ಅದೂ ಕೆಂಡದ ಬಾಯಿಂದ. ಟೊಮೇಟೊ ಒಣಗಿ ಕರಿಯಾಯಿತು. ಚಪ್ಪಡಿಯ ಮೇಲಿಂದ ಇವರು ಮೆಲ್ಲಗೆ, "ಹೂಂ ಅನ್ನು. ಕಾಯ್ತವ್ನೆ" ಎಂದರು.

ಇವರಿಗೆ ಎಲ್ಲವೂ ಕೇಳಿಸುತ್ತಿತ್ತು ಎಂದು ಆಗ ತಿಳಿಯಿತು. ಹೂಂ ಅಂದೆ.

ಆ ಬೇಸಿಗೆ ಹಾಗೆ ನಡೆಯಿತು. ಹಗಲಿಡೀ ರಸ ಜಾಸ್ತಿಯಿರುವ ಕಾಯಿ ಯಾವುದೆಂದು ಹುಡುಕುವುದೇ ನನ್ನ ಕೆಲಸ. ಸಾಕಮ್ಮ ಮೊದಮೊದಲು ಬೈದಳು, ಆಮೇಲೆ ತಾನೇ ಗೋಡೆಯ ಮೇಲೆ ಸೋರೆಕಾಯಿ, ಹೀರೇಕಾಯಿ ಇಟ್ಟು ಹೋಗತೊಡಗಿದಳು. ಮರಿಗೌಡ ಒಂದು ಸಲ ಹಲಸಿನ ತೊಳೆ ತಂದು ಕೊಟ್ಟು, ಚಪ್ಪಡಿಯ ಕಡೆ ನೋಡದೆ, "ಚೆಲುವಣ್ಣಾ, ಚೆನ್ನಾಗಿದ್ದೀಯಾ?" ಎಂದು ನೆಲವನ್ನು ಮಾತಾಡಿಸಿ ಹೋದ. ಇದ್ದಿಲು ಬೇಕಾದವರು ಬಂದು ಇವರ ಹತ್ತಿರವೇ ಕೊಂಡರು. ಎದುರಿಗೆ ಯಾರೂ ಏನೂ ಕೇಳಲಿಲ್ಲ. ತೆಗೆದುಕೊಳ್ಳುವಾಗ ಮಾತ್ರ ಬೆರಳು ತಗಲದ ಹಾಗೆ ಮಂಕರಿಯನ್ನು ನೆಲಕ್ಕಿಟ್ಟು ಸರಿಯುವರು. ಊರಿನ ಜನ ಹೀಗೇ, ಯಾವುದಕ್ಕೂ ಹೊಂದಿಕೊಳ್ಳುವ ಜನ.

ಅವರು ಸಂಜೆಗೊಂದಿಷ್ಟು ಹೇಳಿದರು. ಅಡವಿಯ ಅಂಚಿನಲ್ಲಿ ಬಿದ್ದಿದ್ದ ಜಾಲಿ ಮರದ ಬಗ್ಗೆ, ಗುಡ್ಡೆ ಕಟ್ಟಿದ ಬಗ್ಗೆ. ಮಣ್ಣು ಮೆತ್ತುವಾಗ ತನ್ನ ಅಪ್ಪನ ಕೈ ನೆನಪಾದ ಬಗ್ಗೆ ಹೇಳಿದರು. ಆಗದೆ ಹೋದ ಮಗುವಿಗೆ ತಾನು ಮನಸ್ಸಿನಲ್ಲೇ ಒಂದು ಹೆಸರಿಟ್ಟಿದ್ದನ್ನೂ ಹೇಳಿದರು. ಆ ಹೆಸರನ್ನು ಇಲ್ಲಿ ಹೇಳಲಾರೆ. ಅಷ್ಟು ವರ್ಷದಲ್ಲಿ ಆಡದ ಮಾತನ್ನೆಲ್ಲ ಅವರು ಆ ಒಂದು ಬೇಸಿಗೆಯಲ್ಲಿ ಆಡಿದರು. ಪ್ರತಿ ಸಂಜೆಯ ಕೊನೆಗೆ, ತರಕಾರಿಯ ರಸ ಇಂಗುವ ಹೊತ್ತಿಗೆ, ಮತ್ತೆ ಅದೇ. "ನನ್ನ ಜಾಗ್ದಾಗೆ ಕೂತಿರೋನು ಯಾರು?"

ಇವರು ಕೇಳುತ್ತಾ ಕೂತಿರುವರು. ಹೊಗೆ ತಿರುಗಿ ನೆಟ್ಟಗೆ ಮುಖಕ್ಕೆ ಬಡಿದರೂ ಕಣ್ಣು ಉಜ್ಜಿಕೊಳ್ಳುತ್ತಿರಲಿಲ್ಲ. ಉಗುರಿನ ಬುಡದಲ್ಲಿ ಇದ್ದಿಲಿನ ಕಪ್ಪು, ಸೀಗೆಪುಡಿ ಹಾಕಿ ತಿಕ್ಕಿದರೂ ಹೋಗದು. ಮತ್ತೆಲ್ಲ ಸರಿಯಾಗಿಯೇ ಇತ್ತು. ಸರಿಗಿಂತ ಒಂದು ತೂಕ ಜಾಸ್ತಿಯೇ ಇತ್ತು. ಬೆಳಿಗ್ಗೆ ನಾನು ಏಳುವ ಮುಂಚೆ ತೊಟ್ಟಿಗೆ ನೀರು ತುಂಬಿರುತ್ತಿತ್ತು. ನಾನು ದೇವರ ಪಟಗಳ ಮುಂದೆ ಕೂತು ಪದ್ಯ ಹೇಳಿಕೊಳ್ಳುವಾಗ ಹಿಂದೆ ಬಂದು ಕೂರುವರು. ಮುಂಚೆ ಪದ್ಯ ಅಂದರೆ ನಿದ್ದೆ ಬರುತ್ತಿದ್ದ ಮನುಷ್ಯ. "ನಿಂದು ಊಟ ಆಯ್ತಾ?" ಎಂದು ದಿನವೂ ಕೇಳುವರು. ಅದನ್ನು ಕೇಳಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತಿತ್ತು. ಹೆದರಿಕೆಯೋ ಇನ್ನೇನೋ ನನಗೇ ತಿಳಿಯದು.

ಮಾವು ಮುಗಿಯುತ್ತಾ ಬಂದಾಗ ಒಂದು ಸಂಜೆ ಅವರು ಕಥೆಯ ಕೊನೆಗೆ ಬಂದರು. ಜಾಲರಿಯ ಮೇಲೆ ಹುಳಿ ಮಾವಿನಕಾಯಿ ಇತ್ತು.

"ಗುಡ್ಡೆ ಚೆನ್ನಾಗಿ ಹತ್ತಿತ್ತು. ಚಳಿ ಇತ್ತು. ಬೆಚ್ಚಗಿರುತ್ತೆ ಅಂತ ಅದರ ಮಗ್ಗುಲಲ್ಲೇ ಟವಲು ಹಾಸ್ಕೊಂಡು ಮಲಗ್ದೆ."

"ಹೂಂ."

"ಗಾಳಿ ತಿರುಗ್ತು. ಮಣ್ಣು ಎಲ್ಲೋ ಬಿರುಕು ಬಿಟ್ಟಿತ್ತು. ಹೊಗೆ ಬಂತು. ಘಾಟಿರಲಿಲ್ಲ, ಸಿಹಿಯಾಗಿತ್ತು. ನಿದ್ದೆ ಬಂತು."

"ಹೂಂ."

"ಬೆಳಿಗ್ಗೆ ಒಬ್ಬ ಎದ್ದ. ನನ್ನ ಟವಲು ಕೊಡವಿ ಹೆಗಲಿಗೆ ಹಾಕ್ಕೊಂಡ. ಇದ್ದಿಲು ತುಂಬಿದ. ಎತ್ತು ಅವನನ್ನ ಮೂಸಿ ನೋಡಿ ಕೊರಳು ಬಗ್ಗಿಸ್ತು. ಅವನು ಗಾಡಿ ಹೊಡ್ಕೊಂಡು ನಮ್ಮೂರ ದಾರಿ ಹಿಡಿದ. ನಾನು ಎದ್ದಿಲ್ಲ ತಾಯೀ. ನಾನು ಎದ್ದೇ ಇಲ್ಲ."

ನನ್ನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು, ಅದೇ ಕೊನೆ. ಹೂಂ ಅಂದೆನೋ ಇಲ್ಲವೋ ನೆನಪಿಲ್ಲ. ಅವರು ಪ್ರಶ್ನೆ ಕೇಳಿದರು, ಮಾವಿನಕಾಯಿ ಸುಟ್ಟು ಬೂದಿಗೆ ಉರುಳಿತು.

ನಾನು ಚಪ್ಪಡಿಯ ಮುಂದೆ ಹೋಗಿ ನಿಂತೆ. ಅಷ್ಟು ದಿನ ಕೇಳದೆ ಇದ್ದದ್ದನ್ನು ಕೇಳಿದೆ. "ನೀವು ಯಾರು?"

ಇವರು ತಲೆ ಎತ್ತಿದರು. ಕಣ್ಣಲ್ಲಿ ಕೆಂಡದ ಬೆಳಕಿತ್ತು. "ನಂಗೆ ಎದ್ದಿದ್ದು ಗೊತ್ತು" ಎಂದರು ನಿಧಾನವಾಗಿ. "ಮಲಗಿದ್ದು ಗೊತ್ತಿಲ್ಲ. ಎದ್ದಾಗ ನಿನ್ನ ಹೆಸರು ಬಾಯಲ್ಲಿತ್ತು. ಎತ್ತಿನ ಹೆಸರು ಗೊತ್ತಿತ್ತು. ದಾರಿ ಗೊತ್ತಿತ್ತು. ಅದಕ್ಕೆ ಬಂದೆ. ಬರಬಾರದಿತ್ತಾ?"

ಕೈ ತೊಳೆಯಲು ನೀರು ಕೊಟ್ಟೆ.

ಆಮೇಲಿನ ದಿನಗಳಲ್ಲಿ ಕೆಂಡದಲ್ಲಿ ಕಥೆ ಬರಲಿಲ್ಲ, ಬರೀ ಪ್ರಶ್ನೆ. ಪಡುವಣದಲ್ಲಿ ಮೋಡ ಕಾಣಿಸಿಕೊಂಡಿತು. ಗೂಡು ಕಟ್ಟುವ ಇರುವೆಗಳು ಮೊಟ್ಟೆ ಹೊತ್ತು ಗೋಡೆ ಹತ್ತಿದವು. ಸಾಕಮ್ಮ ಗೋಡೆಯ ಬಳಿ ಬಂದು ದನಿ ತಗ್ಗಿಸಿದಳು.

"ಉತ್ತರ ಹೇಳ್ಬುಡು ತಾಯಕ್ಕ. ಮಳೆ ಬಂದ್ರೆ ಕೆಟ್ಟಿ. ಒಳಗೆ ದೀಪ ಹಚ್ಚಿದ್ರೂ ಕೇಳ್ತದೆ, ಹಾಲು ಕಾಸಿದ್ರೂ ಕೇಳ್ತದೆ. ಹುಚ್ಚು ಹಿಡಿತದೆ ನಿಂಗೆ."

"ಏನು ಹೇಳ್ಲೇ?"

"ದಿಟ ಹೇಳು."

"ದಿಟ ಹೇಳಿದ್ರೆ, ಕೂತಿರೋರು?"

"ಅದು ನಂಗೆ ಗೊತ್ತಿಲ್ಲ. ನಮ್ಮನೇಲಿ ಕೇಳಿದ್ದು ಕೋಳಿ ವಿಚಾರ. ಕೋಳಿ ಆಗಲೇ ಹೊಟ್ಟೆಗೋಗಿತ್ತು."

ನಗು ಬಂತು ಇಬ್ಬರಿಗೂ. ನಕ್ಕ ಮೇಲೆ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು.

ಆ ಸಂಜೆ ಹೀರೇಕಾಯಿ ಇಟ್ಟೆ. ಅವರು ಕೇಳಿದರು. ನಾನು ಕೈಮುಗಿದು, "ನೀವೇ" ಎಂದೆ. ಹಾಗೆಂದರೆ ಎಲ್ಲ ಒಂದಾಗಿ ಸರಿಹೋಗುತ್ತದೆಂದು ಆಸೆ. ಇನ್ನೊಂದು ಹನಿ ಬಿತ್ತು. "ನನ್ನ ಜಾಗ್ದಾಗೆ ಕೂತಿರೋನು ಯಾರು?"

ಮಾರನೆಯ ಸಂಜೆ ಮೋಡ ಇನ್ನೂ ಹತ್ತಿರ ಬಂದಿತ್ತು. ಅವರು ಕೇಳಿದಾಗ ಕಣ್ಣು ಮುಚ್ಚಿಕೊಂಡು, "ಯಾರೋ ಬೇರೆಯವರು" ಎಂದೆ. ಚಪ್ಪಡಿಯ ಮೇಲೆ ಇವರು ಕೈಯಲ್ಲಿದ್ದ ರೊಟ್ಟಿಯನ್ನು ಎಲೆಗೆ ಇಟ್ಟುಬಿಟ್ಟರು. ಎದ್ದು ಹೋಗಲು ಹೇಳಿಸಿಕೊಂಡ ನೆಂಟನ ಹಾಗೆ ಎರಡು ಕೈಯನ್ನೂ ಮಂಡಿಯ ಮೇಲಿಟ್ಟುಕೊಂಡು ಕಾದರು. ಸೌತೆಕಾಯಿಯ ಹೋಳು ಒಡೆಯಿತು. "ನನ್ನ ಜಾಗ್ದಾಗೆ ಕೂತಿರೋನು ಯಾರು?" ಇವರು ಮತ್ತೆ ರೊಟ್ಟಿ ಎತ್ತಿಕೊಂಡರು.

ಅದರ ಮಾರನೆಯ ಸಂಜೆ ನಾನು ಸೋತಿದ್ದೆ. ನಿಜವನ್ನೇ ಹೇಳುತ್ತಿದ್ದೇನೆ ಎಂಬ ಧೈರ್ಯದಿಂದ, "ನಂಗೆ ಗೊತ್ತಿಲ್ಲ" ಎಂದೆ. ಮತ್ತೆ ಅದೇ ಪ್ರಶ್ನೆ.

ಹೊರಗೆ ಹಾಸಿದ ಚಾಪೆಯ ಮೇಲೆ ಮಲಗಿ ಅದನ್ನೇ ತಿರುವಿ ಹಾಕಿದೆ. ಗೊತ್ತಿಲ್ಲ ಅಂದದ್ದು ಸುಳ್ಳು ಎಂದಾದರೆ ನನಗೆ ಗೊತ್ತಿದೆ ಎಂದಾಯಿತು. ಏನು ಗೊತ್ತಿದೆ? ನೀರು ತುಂಬಿದ ತೊಟ್ಟಿ ಗೊತ್ತು. ಪದ್ಯದ ನಡುವೆ ನನಗೆ ಮುಂದಿನ ಸಾಲು ಮರೆತಾಗ ಹಿಂದಿನಿಂದ ಯಾರೂ ಗಡಿಬಿಡಿ ಮಾಡದೆ ಕಾಯುವುದು ಗೊತ್ತು. ದಿನವೂ ಒಂದೇ ಮಾತು ಕೇಳುವ ಬಾಯಿ ಗೊತ್ತು. ಇನ್ನೊಂದು ಕಡೆ, ಬೇವಿನ ಮರದ ಕೆಳಗೆ ಬೆಳ್ಳುಳ್ಳಿ ಚಟ್ನಿ ತಿಂದವರು ಗೊತ್ತು, ಹುಟ್ಟದ ಮಗುವಿನ ಹೆಸರು ಗೊತ್ತು. ದೇವರೇ, ಇಬ್ಬರೂ ನನಗೆ ಗೊತ್ತು. ಆಗ ನನಗೆ ಹೊಳೆಯಿತು, ಅವರು ಕೇಳುತ್ತಿರುವುದು ನನ್ನನ್ನು. ಕೂತವನು ಎಲ್ಲಿಂದ ಬಂದ, ಯಾವ ಮಣ್ಣಿನಿಂದ ಎದ್ದ ಎಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿದೆ, ಅವರೇ ನನಗೆ ಹೇಳಿದ್ದು. ಅವರಿಗೆ ತಿಳಿಯದೆ ಇರುವುದು ಒಂದೇ.

ಮಾರನೆಯ ದಿನ ಮಧ್ಯಾಹ್ನದಿಂದಲೇ ಕತ್ತಲು ಕವಿಯಿತು. ಮಣ್ಣಿನ ವಾಸನೆ ಎಲ್ಲಿಂದಲೋ ಬರತೊಡಗಿತು. ಬೀದಿಯವರೆಲ್ಲ ದೇವರ ಪಟಗಳನ್ನು ಒಳಗಿಡುತ್ತಿದ್ದರು. ಗಿಡದಲ್ಲಿ ಉಳಿದಿದ್ದ ಬದನೆಕಾಯಿಗಳನ್ನೆಲ್ಲ ಕಿತ್ತು ತಂದು, ಸೀಳಿ, ಉಪ್ಪು ಖಾರ ತುಂಬಿ, ಎಣ್ಣೆ ಸವರಿ ಜಾಲರಿಯ ಮೇಲೆ ಜೋಡಿಸಿದೆ. ಗಾಳಿ ಕೆಂಡವನ್ನು ಊದಿ ಊದಿ ಕೆಂಪು ಮಾಡುತ್ತಿತ್ತು. ಇವರು ಚಪ್ಪಡಿಯ ಮೇಲೆ ಕೂತಿದ್ದರು. ಮುಂದೆ ಬಾಳೆ ಎಲೆ ಹಾಸಿ, ಗಾಳಿಗೆ ಹಾರದ ಹಾಗೆ ಮೂಲೆಗೊಂದು ಕಲ್ಲು ಇಟ್ಟುಕೊಂಡಿದ್ದರು. ಗೋಡೆಯಾಚೆ ಸಾಕಮ್ಮ, ಮರಿಗೌಡ ಇಬ್ಬರೂ ಕಿವಿಗೊಟ್ಟು ನಿಂತಿದ್ದಾರೆಂದು ನನಗೆ ಗೊತ್ತಿತ್ತು.

ಹನಿ ಬಿತ್ತು.

"ನನ್ನ ಜಾಗ್ದಾಗೆ ಕೂತಿರೋನು ಯಾರು?"

"ನನ್ನ ಗಂಡ" ಎಂದೆ.

ಸುಂಯ್ ಎಂದಿತು. ಇನ್ನೊಂದು ಹನಿ, ಸುಂಯ್. ಒಂದು ಬದನೆಕಾಯಿಯನ್ನು ಇಕ್ಕಳದಿಂದ ಹಿಡಿದು ಹಿಂಡಿದೆ. ರಸ ಸುರಿದು ಬೂದಿ ಹಾರಿತು. ಬರೀ ಸುಂಯ್. ಬೇಸಿಗೆಯುದ್ದಕ್ಕೂ ನನ್ನ ಜೊತೆ ಮಾತಾಡಿದ ದನಿ, ಇನ್ನು ಯಾವ ಕೆಂಡದಲ್ಲೂ ಇಲ್ಲ. ನಾನು ಹೇಳಿದ್ದನ್ನು ನಿಜವೆಂದು ಒಪ್ಪಿಕೊಂಡು ಹೋಗಿತ್ತು.

ಕಥೆ ಮುಗಿದಾಗ ಮಂಗಳ ಹಾಡದೆ ಪುಸ್ತಕ ಮುಚ್ಚುವಂತಿಲ್ಲ. ಕೆಂಡದ ಮುಂದೆ ಕೂತು ಮಂಗಳ ಹಾಡಿದೆ. ನಡುವೆ ದನಿ ಒಡೆಯಿತು, ಸರಿಮಾಡಿಕೊಂಡು ಕೊನೆ ಮುಟ್ಟಿಸಿದೆ. ಗೋಡೆಯಾಚೆ ಮರಿಗೌಡ ಮೂಗು ಸೀಟಿಕೊಂಡದ್ದು ಕೇಳಿಸಿತು. ಹಾಡು ಮುಗಿದ ಮೇಲೆ ನನ್ನ ಬಲಗೈ ತಾನಾಗಿ ಹಣೆಯ ಕುಂಕುಮಕ್ಕೆ ಹೋಯಿತು. ಒರೆಸಬೇಕಲ್ಲವೇ? ಬೆರಳು ಹಣೆಯ ಹತ್ತಿರ ನಿಂತಿತು. ಇವರು ಅದನ್ನೇ ನೋಡುತ್ತಿದ್ದರು, ರೆಪ್ಪೆ ಮಿಟುಕಿಸದೆ. ನಾನು ಕೈ ಕೆಳಗಿಳಿಸಿದೆ.

ಅಷ್ಟು ದಿನ ಅಂಗಳದಲ್ಲಿ ನಾವು ಮೂವರಿದ್ದೆವು. ಈಗ ಇಬ್ಬರೇ ಎಂಬುದು ಆಗ ಮನಸ್ಸಿಗೆ ಬಂದು ನಾನು ಹೆದರಿದೆ. ಕೆಂಡ ಮಾತಾಡುತ್ತಿದ್ದಾಗ ಇಷ್ಟು ಹೆದರಿರಲಿಲ್ಲ.

ಸುಟ್ಟ ಬದನೆಕಾಯಿಗಳನ್ನು ಎಲೆಗೆ ತಂದು ಹಾಕಿದೆ. ಎಂದಿನ ಹಾಗೆ ಪಕ್ಕಕ್ಕೆ ನಿಂತೆ. ದೊಡ್ಡ ದೊಡ್ಡ ಹನಿ ನಾಲ್ಕಾರು ಅಂಗಳಕ್ಕೆ ಬಿದ್ದವು, ಜಾಲರಿ ಚಟಪಟ ಎಂದಿತು. ಊರಿನವರೆಲ್ಲ ಕೂಗಾಡುತ್ತಾ ಒಲೆಯ ಕೆಂಡವನ್ನು ಮೊರದಲ್ಲಿ ಹೊತ್ತು ಒಳಗೆ ಓಡುತ್ತಿದ್ದರು. ಇವರು ಏಳಲಿಲ್ಲ. ಚಪ್ಪಡಿಯ ಮೇಲೆ ಒಂದು ಪಕ್ಕಕ್ಕೆ ಸರಿದರು. ತಾವು ಕೂತಿದ್ದ ಕಡೆಯನ್ನು ಅಂಗೈಯಿಂದ ಒರೆಸಿದರು.

"ಬಾ" ಎಂದರು. "ಬಿಸಿ ಇರೋವಾಗ್ಲೇ ತಿನ್ನು. ಇಲ್ಲೇ ಕೂತ್ಕೋ."

ಆ ಮನೆಗೆ ಬಂದಾಗಿನಿಂದ ಆ ಕಲ್ಲಿನ ಮೇಲೆ ಕೂರಲು ನನ್ನನ್ನು ಯಾರೂ ಕರೆದಿರಲಿಲ್ಲ. ಹೋಗಿ ಕೂತೆ. ಬೇಸಿಗೆಯಿಡೀ ಬಿಸಿಲು ಕುಡಿದ ಕಲ್ಲು, ಎರಡೂ ಕೊನೆಯಲ್ಲಿ ಇನ್ನೂ ಕಾದೇ ಇತ್ತು. ಅಷ್ಟು ಹೊತ್ತೂ ಇವರು ಕೂತಿದ್ದ ಆ ಒಂದು ಜಾಗ ಮಾತ್ರ ಬಾವಿಯ ತಳದ ಹಾಗೆ ತಣ್ಣಗಿತ್ತು. ಇವರು ಬದನೆಕಾಯಿಯನ್ನು ಮುರಿದು, ಊದಿ, ಅರ್ಧವನ್ನು ನನ್ನ ಕೈಗಿಟ್ಟರು. ನಾನು ಏಳಲಿಲ್ಲ.